ಚಿಟಿಕೆಯ ನಂತರದ ಮಾತು

ಅವಳ ಅಳು ಅವನ ಕಿವಿಗೆ ಮೊದಲು ಬಿದ್ದದ್ದು ಒಂದು ಮಂಗಳವಾರ, ಮಧ್ಯಾಹ್ನದ ಡಬ್ಬಿ ತೆರೆಯುವ ಮುನ್ನ. ಆ ಕಚೇರಿಗೆ ಚಹಾ ಕೊಡುತ್ತಿದ್ದ ಅಕ್ಕ ಕಥೆಯನ್ನು ಹೀಗೆ ಆರಂಭಿಸುತ್ತಾಳೆ. ಬಾಗಿಲು ಕಾಯುವ ಹಿರಿಯನ ಪ್ರಕಾರ ಅದು ಬುಧವಾರ. ಉಳಿದೆಲ್ಲದರಲ್ಲಿ ಇಬ್ಬರ ಮಾತೂ ಒಂದೇ.

ಕಾದಂಬರಿಗಳನ್ನು ಓದಿಸಿ ಆಡಿಯೋ ಪುಸ್ತಕ ಮಾಡುವ ಕಚೇರಿ ಅದು. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಒಂದು ಕೋಣೆಯಲ್ಲಿ ಅವಳು ಮೈಕಿನ ಮುಂದೆ ಕುಳಿತು ಹದಿಹರೆಯದವರ ಪ್ರೇಮ ಕಾದಂಬರಿಗಳನ್ನು ಓದುತ್ತಿದ್ದಳು. ಹನ್ನೆರಡಕ್ಕೆ ಪಕ್ಕದ ಕೋಣೆಗೆ ಬರುತ್ತಿದ್ದ ಅವನು ಆ ಓದಿನೊಳಗಿನ ಕೆಮ್ಮು, ತೊದಲು, ಪುಟ ಮಗುಚುವ ಸದ್ದುಗಳನ್ನು ತೆಗೆದು ಹಸನು ಮಾಡುತ್ತಿದ್ದ. ಅವನಿಗೆ ‘ಕತ್ತರಿ’ ಎಂಬ ಹೆಸರೇ ನಿಂತುಹೋಗಿತ್ತು. ಅವಳನ್ನು ಎಲ್ಲರೂ ಓದೋ ಮೇಡಂ ಎನ್ನುತ್ತಿದ್ದರು.

ಓದುವಾಗ ತಪ್ಪಿದರೆ ಒಂದು ಚಿಟಿಕೆ ಹೊಡೆದು, ಹಿಂದಿನ ಸಾಲಿನಿಂದ ಮತ್ತೆ ಓದಬೇಕು. ಇದು ಅಲ್ಲಿನ ಕ್ರಮ. ಪರದೆಯ ಮೇಲೆ ಚಿಟಿಕೆ ಚೂಪಾದ ಗೆರೆಯಾಗಿ ಎದ್ದು ಕಾಣುವುದರಿಂದ ಕತ್ತರಿಗೆ ಜಾಗ ತಿಳಿಯುತ್ತದೆ. ಚಿಟಿಕೆಗೂ ಮರುಓದಿಗೂ ನಡುವೆ ಏನಿದ್ದರೂ ಅದು ಕಸ.

ಅಂದು ಆ ಕಸದಲ್ಲಿ ಅಳುವಿತ್ತು. ಆಮೇಲೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಸಣ್ಣ ದನಿಯಲ್ಲಿ ಒಂದು ಮಾತು: “ಹದಿನೇಳು ವರ್ಷದ ಹುಡುಗಿ, ಹೋಗಿ ಎದುರಿಗೇ ಹೇಳಿಬಿಟ್ಲಲ್ಲ. ನನಗೆ ಮೂವತ್ತಾರಕ್ಕೂ ಇಷ್ಟು ಧೈರ್ಯ ಬರ್ಲಿಲ್ಲ.”

ಅವನು ಅದನ್ನು ಕತ್ತರಿಸಿದ. ಅಳಿಸಲು ಮಾತ್ರ ಕೈ ಬರಲಿಲ್ಲ. ‘ಬೇಡವಾದದ್ದು’ ಎಂದು ಹೆಸರಿಟ್ಟ ಫೋಲ್ಡರಿನಲ್ಲಿ ಎತ್ತಿಟ್ಟ.

ಫೋಲ್ಡರು ತುಂಬುತ್ತಾ ಹೋಯಿತು. ಮುತ್ತಿನ ದೃಶ್ಯ ಬಂದರೆ ಅವಳು ನೀರು ಕುಡಿಯುತ್ತಿದ್ದಳು. ನಾಯಕ ಸುಮ್ಮಸುಮ್ಮನೆ ಮುನಿಸಿಕೊಂಡರೆ ಪುಸ್ತಕವನ್ನು ಮೇಜಿಗೆ ಕುಕ್ಕುತ್ತಿದ್ದಳು. ಇಬ್ಬರೂ ತಪ್ಪು ತಿಳಿದು ದೂರವಾದ ಒಂದು ಕಾದಂಬರಿಗಂತೂ ಅವಳ ತಾಳ್ಮೆ ಕೆಟ್ಟಿತು: “ಒಂದು ಫೋನ್ ಮಾಡಿದ್ರೆ ಮುಗಿಯೋ ಕಥೆ. ಮುನ್ನೂರು ಪುಟ ಎಳೆದಿದ್ದಾರೆ.”

ಹೆಡ್‌ಫೋನು ಹಾಕಿಕೊಂಡೇ ಅವನು ಒಬ್ಬನೇ ನಕ್ಕ. ಚಹಾ ತಂದ ಅಕ್ಕ ತಡೆದು ನಿಂತಳಂತೆ. ಅವನು ನಕ್ಕದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ.

ಕ್ರಮೇಣ ಅವಳು ತಪ್ಪಿಲ್ಲದ ಕಡೆಯೂ ಚಿಟಿಕೆ ಹೊಡೆಯತೊಡಗಿದಳು. “ಕತ್ತರಿಯವರೇ,” ಎಂದು ನೇರವಾಗಿ ಕರೆದು, ಮನೆಯಲ್ಲಿ ಕಥೆ ಹೇಳಿದರೆ ಅಣ್ಣ ಆಕಳಿಸುತ್ತಾನೆಂದೂ, ಕೇಳುತ್ತಿದ್ದ ತಂಗಿ ಮದುವೆಯಾಗಿ ದೂರ ಹೋದಳೆಂದೂ ಹೇಳಿದಳು. “ಈ ಪುಸ್ತಕಗಳಲ್ಲಿ ಎಲ್ಲರಿಗೂ ಯಾರೋ ಒಬ್ರು ಕಾಯ್ತಿರ್ತಾರೆ ನೋಡಿ. ಅದನ್ನ ಓದೋವಾಗ ಸುಖ. ಬಾಗಿಲು ಹಾಕಿ ಮನೆಗೆ ನಡೆಯೋವಾಗ ಕಷ್ಟ.”

ಅವನಿಗೂ ಮನೆಗೆ ನಡೆಯುವಾಗ ಕಷ್ಟವೇ. ತಾಯಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಎರಡನೆಯ ತಟ್ಟೆ ಶೆಲ್ಫಿನಿಂದ ಕೆಳಗಿಳಿದಿರಲಿಲ್ಲ.

ಉತ್ತರ ಕೊಡಲು ಅವನಿಗಿದ್ದದ್ದು ಒಂದೇ ದಾರಿ. ಪುಸ್ತಕ ಮುಗಿದ ಮೇಲೆ, ಮತ್ತೆ ಓದಬೇಕಾದ ಸಾಲುಗಳ ಪಟ್ಟಿಯೊಂದನ್ನು ಅವಳ ಸ್ವಂತ ಇಮೇಲಿಗೆ ಕಳುಹಿಸಬೇಕಿತ್ತು. ಅದರಲ್ಲಿ ಅವನು ತಪ್ಪಿಲ್ಲದ ಸಾಲುಗಳನ್ನೂ ಸೇರಿಸಿದ. ಪುಟ ನಲವತ್ತೊಂದು: ‘ನೀನು ನಕ್ಕದ್ದು ನನಗೆ ಕೇಳಿಸಿತು.’ ಪುಟ ನೂರ ಹದಿನೆಂಟು: ‘ನಾನೂ ಒಬ್ಬನೇ ಊಟ ಮಾಡುತ್ತೇನೆ.’ ಮತ್ತೊಮ್ಮೆ ಓದಿ, ದಯವಿಟ್ಟು.

ಅವಳು ಓದಿದಳು. ಎರಡನೆಯ ಸಾಲಿನ ಬಳಿಕ ಒಂದು ಚಿಟಿಕೆ, ಆಮೇಲೆ, “ಇದ್ರಲ್ಲಿ ತಪ್ಪೇನಿತ್ತು ಅಂತ ಹುಡುಕಿ ಹುಡುಕಿ ಸಾಕಾಯ್ತು. ಈಗ ಗೊತ್ತಾಯ್ತು ಬಿಡಿ.”

ಹೋಗಿ ಎದುರಿಗೆ ಮಾತಾಡಬಾರದಿತ್ತೇ ಎಂದು ಕೇಳುವವರಿಗೆ ಬಾಗಿಲು ಕಾಯುವ ಹಿರಿಯ ಉತ್ತರ ಕೊಡುತ್ತಾನೆ. ಕತ್ತರಿಗೆ ಉಗ್ಗಿತ್ತು. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡರೆ ಎದುರಿನವರು ಮಾತನ್ನು ತಾವೇ ಪೂರ್ತಿ ಮಾಡಿ ಹೊರಟುಬಿಡುತ್ತಿದ್ದರು. ಊರಿನವರ ತೊದಲನ್ನೆಲ್ಲ ತೆಗೆಯಬಲ್ಲವನು ತನ್ನದನ್ನು ಏನು ಮಾಡಿಯಾನು? ಒಮ್ಮೆ ಬೆಳಗ್ಗೆಯೇ ಬಂದು ಅವಳ ಕೋಣೆಯ ಮುಂದೆ ನಿಂತಿದ್ದನಂತೆ. ಬಾಗಿಲ ಮೇಲೆ, ಒಳಗೆ ಧ್ವನಿಮುದ್ರಣ ನಡೆಯುತ್ತಿದೆ ಎನ್ನುವ ಕೆಂಪು ದೀಪ ಉರಿಯುತ್ತಿತ್ತು. ಅದೇ ನೆಪವಾಗಿ ಹಿಂದಿರುಗಿದ.

ಅವಳಿಗೆ ತಿಳಿಯದ ಸಂಗತಿ ಇನ್ನೊಂದಿತ್ತು. ಬೆಳಗ್ಗೆ ಓದಿದ್ದನ್ನು ಅವನು ಮಧ್ಯಾಹ್ನವೇ ಕೇಳುತ್ತಾನೆಂದು ಅವಳು ನಂಬಿದ್ದಳು. ಆದರೆ ಕೆಲಸ ಸಾಲಾಗಿ ಬಿದ್ದಿತ್ತು. ಅವಳ ಮಾತು ಅವನನ್ನು ತಲುಪುವುದಕ್ಕೆ ಹತ್ತು ದಿನ ಹಿಡಿಯುತ್ತಿತ್ತು.

ಹೀಗಾಗಿ, ಅವಳು ಕೆಲಸ ಬಿಟ್ಟ ವಿಷಯ ಕಚೇರಿಗೆಲ್ಲ ತಿಳಿದ ಎಷ್ಟೋ ದಿನಗಳ ಮೇಲೆ, ಒಂದು ಸೋಮವಾರ ಅವನ ಕಿವಿಯಲ್ಲಿ ಚಿಟಿಕೆ ಕೇಳಿಸಿತು.

“ಕತ್ತರಿಯವರೇ, ಇದೇ ಕೊನೇ ಪುಸ್ತಕ. ತಂಗಿ ಕರೀತಿದ್ದಾಳೆ, ಇನ್ಮುಂದೆ ಅಲ್ಲೇ ಇರೋದು. ನಾಳೆ ಓದಿ ಮುಗಿದ ಮೇಲೂ ಮಧ್ಯಾಹ್ನ ಒಂದು ಗಂಟೆವರೆಗೆ ಇಲ್ಲೇ ಕೂತಿರ್ತೀನಿ. ನೀವು ಹನ್ನೆರಡಕ್ಕೆ ಬರ್ತೀರಲ್ಲ, ಬಂದು ಒಂದೇ ಒಂದು ಸಾಲು ಮಾತಾಡಿ. ಬರದಿದ್ರೆ ನಾನೇ ತಪ್ಪು ಓದಿಕೊಂಡೆ ಅಂದ್ಕೋತೀನಿ.”

ಅವನು ಕೂಡಲೇ ಮರುದಿನದ ಓದನ್ನು ತೆರೆದ. ಕೊನೆಯ ಅಧ್ಯಾಯ ಮುಗಿಯಿತು. ಅವಳು ಮೈಕನ್ನು ಆರಿಸಿರಲಿಲ್ಲ. ಕೋಣೆಯ ಬಾಗಿಲು ಸರಿದ ಸದ್ದು ಕೇಳಿಸಿತು. ಹೊರಗಿನದು ಕೇಳಲೆಂದು ಅರ್ಧ ತೆರೆದಿಟ್ಟಿದ್ದಳು. ಕುರ್ಚಿ ಕಿರುಗುಟ್ಟಿತು. ನೀರಿನ ಬಾಟಲಿಯ ಮುಚ್ಚಳ ತಿರುಗಿತು. ಬಹಳ ಹೊತ್ತಿನ ಮೇಲೆ ಹಜಾರದಲ್ಲಿ ಹೆಜ್ಜೆಗಳು, ಕೀಲಿ ತಿರುಗಿದ ಸದ್ದು, ಒಂದು ಕೆಮ್ಮು.

ಆ ಕೆಮ್ಮು ಅವನದೇ.

ಗೋಡೆಯ ಆಚೆ ಅವಳು ಕಾಯುತ್ತಿದ್ದಾಗ ಈಚೆ ಅವನು ಹೆಡ್‌ಫೋನು ಧರಿಸಿ, ಹತ್ತು ದಿನ ಹಳೆಯ ಅವಳ ನಗುವನ್ನು ಕೇಳುತ್ತಾ ಕುಳಿತಿದ್ದ. ಅವನು ಈಗ ಆ ಕೆಮ್ಮಿನಿಂದ ಮುಂದಿನ ಒಂದು ಗಂಟೆಯ ಮೌನವನ್ನು ಮುಂದಕ್ಕೆ ಓಡಿಸದೆ, ಪೂರ್ತಿ ಕೇಳಿದ. ಕೊನೆಗೊಂದು ಚಿಟಿಕೆ. “ಸರಿ,” ಎಂದಳು ಅವಳು. ದೀಪದ ಸ್ವಿಚ್ಚು ಟಕ್ಕೆಂದಿತು.

ಅವಳು ಕಾದ ಆ ದಿನ ಎರಡೂ ಕೋಣೆಗೆ ತಾನೇ ಚಹಾ ಕೊಟ್ಟೆನೆಂದು ಅಕ್ಕ ಇಂದಿಗೂ ನೊಂದುಕೊಳ್ಳುತ್ತಾಳೆ. “ಒಂದು ಮಾತು ಆಚೆ ಈಚೆ ಒಯ್ದಿದ್ರೆ ಆಗ್ತಿತ್ತು. ನನಗೇನು ಗೊತ್ತು, ತಾಯಿ.”

ಅವನು ಎದ್ದು ಓದುವ ಕೋಣೆಗೆ ಹೋದ. ಅವಳ ಕುರ್ಚಿಯಲ್ಲಿ ಕುಳಿತು, ಕೆಂಪು ದೀಪ ಹಚ್ಚಿ, ಜೀವನದಲ್ಲಿ ಮೊದಲ ಬಾರಿಗೆ ಮೈಕಿನ ಮುಂದೆ ಬಾಯಿ ತೆರೆದ. ಹತ್ತು ದಿನದ ಲೆಕ್ಕ, ಕೆಮ್ಮು, ಎರಡನೆಯ ತಟ್ಟೆ, ಎಲ್ಲವನ್ನೂ ಹೇಳಿದ. ನಾಲ್ಕು ಸಾಲು ಹೇಳಲು ಹನ್ನೊಂದು ನಿಮಿಷ ಬೇಕಾಯಿತು. ಪರದೆಯ ಮೇಲೆ ತನ್ನ ತೊದಲೆಲ್ಲ ಹರಡಿ ಬಿದ್ದಿರುವುದನ್ನು ನೋಡಿದ. ಒಂದನ್ನೂ ಕತ್ತರಿಸದೆ, ಮರುಓದಿನ ಪಟ್ಟಿ ಹೋಗುವ ವಿಳಾಸಕ್ಕೆ ಕಳುಹಿಸಿದ.

ಒಂದು ವಾರ ಏನೂ ಬರಲಿಲ್ಲ. ಹತ್ತನೆಯ ದಿನವೂ ಇಲ್ಲ. ಹನ್ನೊಂದನೆಯ ದಿನ ಒಂದು ಪುಟ್ಟ ಧ್ವನಿಮುದ್ರಣ ಬಂತು. ಹಿನ್ನೆಲೆಯಲ್ಲಿ ಯಾವುದೋ ಮಗು ರಂಪ ಮಾಡುತ್ತಿತ್ತು.

“ಹತ್ತು ದಿನ ಕಾಯೋದು ಹೇಗಿರುತ್ತೆ ಅಂತ ನಿಮಗೂ ಗೊತ್ತಾಗ್ಲಿ ಅಂತ ಸುಮ್ಮನಿದ್ದೆ. ಒಂದು ಫೋನ್ ಮಾಡಿದ್ರೆ ಮುಗಿಯೋ ಕಥೆ, ಕತ್ತರಿಯವರೇ.” ಆಮೇಲೆ ತನ್ನ ನಂಬರನ್ನು ಎರಡು ಸಲ, ನಿಧಾನವಾಗಿ ಓದಿದ್ದಳು.

ಅವನು ಫೋನ್ ಮಾಡಿದ. ಅವಳು ಎತ್ತಿ, “ಹೇಳಿ,” ಎಂದಳು.

ಮೊದಲ ಅಕ್ಷರ ಸಿಕ್ಕಿಕೊಂಡಿತು. ಅವನು ಒದ್ದಾಡಿದ. ಅವಳು ಮಾತನ್ನು ಊಹಿಸಲಿಲ್ಲ, ಪೂರ್ತಿ ಮಾಡಲಿಲ್ಲ. ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು. ಎಷ್ಟೋ ತಿಂಗಳಿಂದ ಅವನು ತೆಗೆದು ಎತ್ತಿಟ್ಟುಕೊಂಡಿದ್ದ ಅದೇ ಉಸಿರು.

ಆ ಕಡೆಯಿಂದ ಮೆಲ್ಲಗೆ ಒಂದು ಚಿಟಿಕೆ ಬಿತ್ತು.

ಅವನು ಮತ್ತೆ ಮೊದಲಿನಿಂದ ಆರಂಭಿಸಿದ.