ಉದುರಿದ ಕೊನೆಯ ಹಾಳೆ

ಓದಿಬಿಡಲೇ, ಬೇಡವೇ? ಕೊನೆಯ ಪ್ಯಾರಾದಲ್ಲಿ ಬರೆದದ್ದು ಕಾದಂಬರಿಯ ಬಗ್ಗೆಯೋ, ನನ್ನ ಬಗ್ಗೆಯೋ? ಅವಳಿಗೆ ಗೊತ್ತಾಗಿಬಿಟ್ಟರೆ? ಗೊತ್ತಾಗದೇ ಹೋದರೆ?

"ಅಂಬರೀಶ್, ಕ್ಲಾಸೆಲ್ಲ ಕಾಯ್ತಾ ಇದೆ ಕಣಪ್ಪ," ಎಂದರು ಶ್ಯಾಮಲಮ್ಮ ಮೇಡಂ.

ಗೌರಿಬಿದನೂರಿನ ಆ ಕಾಲೇಜಿನಲ್ಲಿ ಫೈನಲ್ ಬಿಎಯವರಿಗೆ ಮೇಡಂ ಒಂದು ನಿಯಮ ಮಾಡಿದ್ದರು. ಇಬ್ಬರಿಗೆ ಒಂದು ಪುಸ್ತಕ. ಮೊದಲು ಓದಿದವರು ಇನ್ನೊಬ್ಬರಿಗೆ ಕೊಡಬೇಕು. ಶನಿವಾರ ಒಬ್ಬರು ತಮಗೆ ಅನ್ನಿಸಿದ್ದನ್ನು ಬರೆದು ತಂದು ಓದಬೇಕು, ಇನ್ನೊಬ್ಬರು ಎದ್ದು ಉತ್ತರ ಕೊಡಬೇಕು. ಗೈಡ್ ನೋಡಿ ಬರೆದವರನ್ನು ಮೇಡಂ ಬೈಯುತ್ತಿರಲಿಲ್ಲ. "ಇದು ಗೈಡಿಗೆ ಅನ್ನಿಸಿದ್ದು. ನಿನಗೇನು ಅನ್ನಿಸ್ತು?" ಎನ್ನುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ.

ಚೀಟಿ ಎತ್ತಿದಾಗ ಅಂಬರೀಶನಿಗೆ ಜೊತೆಯಾದವಳು ಸಂಘಮಿತ್ರ. ಮಂಚೇನಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು, ನಗುವ ಮೊದಲು ಕೆಳದುಟಿ ಕಚ್ಚುವವಳು. ಮೊದಲ ವರ್ಷದಿಂದಲೂ ಅವನು ಆ ತುಟಿಯನ್ನು ನೋಡುತ್ತ ಬಂದಿದ್ದ. ನೋಡುವುದರಾಚೆ ಏನನ್ನೂ ಮಾಡಿರಲಿಲ್ಲ.

ಸೋಮವಾರ ಪುಸ್ತಕ ಕೊಡುವಾಗ ಅವಳು, "ಬೇಗ ಓದಪ್ಪ. ಬರೋ ಭಾನುವಾರ ನನ್ನ ನೋಡಕ್ಕೆ ಚಿಂತಾಮಣಿಯಿಂದ ಬರ್ತಾರಂತೆ," ಎಂದಿದ್ದಳು. ಅವನು "ಓ" ಎಂದಿದ್ದ.

ಈಗ ಎದ್ದು ನಿಂತು ಓದಿದ. ಕಾದಂಬರಿಯ ನಾಯಕ, ತಾನು ಮೆಚ್ಚಿದವಳನ್ನು ರೈಲು ಹತ್ತಿಸಲು ಬರುತ್ತಾನೆ. ರೈಲು ಕದಲುತ್ತದೆ. ಅವಳ ಮುಖ ನೋಡುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

"ಅವನು ಬಾಯಿ ತೆರೆಯದಿರುವುದೇ ಈ ಕಾದಂಬರಿಯ ಸೊಗಸು. ಹೇಳಿದ್ದರೆ ಅದು ಬರಿಯ ಮಾತಾಗುತ್ತಿತ್ತು. ಹೇಳದೆ ಉಳಿಸಿಕೊಂಡದ್ದರಿಂದ ಪ್ರೀತಿಯಾಯಿತು." ಎಂದು ಓದಿ ಮುಗಿಸಿದ.

ಹಿಂದಿನ ಬೆಂಚಿನಿಂದ ಕೋನಪ್ಪ ಶಿಳ್ಳೆ ಹಾಕಿದ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ಸಂಘಮಿತ್ರ ಎದ್ದಳು. ಕೆಳದುಟಿ ಕಚ್ಚಿದಳು, ನಗು ಮಾತ್ರ ಬರಲಿಲ್ಲ.

"ಮೇಡಂ, ಪುಸ್ತಕ ಅಲ್ಲಿಗೆ ಮುಗಿಯಲ್ಲ. ಇನ್ನೊಂದು ಹಾಳೆ ಇದೆ. ಅವನು ಮಾತಾಡ್ತಾನೆ."

ಅಂಬರೀಶ ಪುಸ್ತಕ ತೆರೆದು ಕೊನೆಯಲ್ಲಿ ತಡಕಿದ. ಹೊಲಿಗೆಯ ದಾರವೊಂದು ಬಿಟ್ಟುಕೊಂಡು ನೇತಾಡುತ್ತಿತ್ತು. ಎರಡು ಸಲ ಓದಿದ್ದ ಪುಸ್ತಕ! ಆ ದಾರ ಕಣ್ಣಿಗೇ ಬಿದ್ದಿರಲಿಲ್ಲ.

"ಅಯ್ಯೋ ಪಾಪ, ಇಂಟರ್ವಲ್‌ಗೇ ಎದ್ದು ಬಂದ್ಬುಟ್ಟವ್ನೆ ಕಣ್ರೋ!" ಎಂದ ಕೋನಪ್ಪ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಹತ್ತಿರ ಬಂದಳು. ಬ್ಯಾಗಿನಿಂದ ಹಳದಿಗಟ್ಟಿದ ಹಾಳೆಯೊಂದನ್ನು ತೆಗೆದು ಅವನ ಕೈಗಿಟ್ಟಳು.

"ನಿನ್ನ ಹತ್ರ ಇತ್ತಾ?"

"ಉದುರಿ ಬಿದ್ದಿತ್ತು. ನಾನೇ ಇಟ್ಕೊಂಡೆ. ನೀನು ಬಂದು ಕೇಳ್ತೀಯ ಅನ್ಕೊಂಡಿದ್ದೆ."

ಅವನು ಹಾಳೆಯನ್ನು ಓದದೆಯೇ ಪುಸ್ತಕದೊಳಗೆ ಸೇರಿಸಿದ.

"ನಾನು ಎಲ್ಲರ ಮುಂದೆ ಹೇಳಬಾರದಿತ್ತು. ಸಿಟ್ಟು ಬಂತು ಕಣೋ. ಇನ್ನೂ ಏನೋ ಬಾಕಿ ಇದೆ ಅಂತ ನಿನಗೆ ಅನ್ನಿಸಲೇ ಇಲ್ವಾ?"

"ಏನಂತಾನೆ ಅವನು?"

"'ಹೋಗಬೇಡ' ಅಂತಾನೆ. ಅಷ್ಟೇ. ಅವಳು ಇಳಿದುಬಿಡ್ತಾಳೆ."

ಬಸ್ಸು ಬಂದು ನಿಂತಿತು. "ಮಂಚೇನಹಳ್ಳಿ, ಚಿಕ್ಕಬಳ್ಳಾಪುರ! ಎಕ್ಕಂಡಮ್ಮಾ, ಎಕ್ಕಂಡಿ!" ಬೇಗ ಹತ್ತಿ ಎಂದು ಕಂಡಕ್ಟರ್ ತೆಲುಗಿನಲ್ಲಿ ಕೂಗಿದ. ಸಂಘಮಿತ್ರ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು, ತಿರುಗಿದಳು. ದುಪಟ್ಟಾ ಗಾಳಿಗೆ ಹಾರಿ ಅವನ ಮೊಣಕೈ ಸವರಿತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

"ಒಳಗೋ ಹೊರಗೋ ತಾಯಿ?" ಎಂದ ಕಂಡಕ್ಟರ್.

ಪ್ರಶ್ನೆ ಅಂಬರೀಶನಿಗೆ ಎಂಬಂತೆ ಅವಳು ಅವನನ್ನೇ ನೋಡಿದಳು. ಆ ಒಂದು ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತು.

"ಹಾಳೆ... ಲೈಬ್ರರಿಗೆ ಕೊಟ್ಬಿಡ್ತೀನಿ," ಎಂದ.

ಅವಳು ಕೆಳದುಟಿ ಕಚ್ಚಿದಳು. ಈ ಸಲ ನಕ್ಕಳು. ಕಣ್ಣು ಮಾತ್ರ ತುಂಬಿತ್ತು.

"ಅಂಟಿಸಿ ಕೊಡು. ಮುಂದಿನೋರಾದ್ರೂ ಪೂರ್ತಿ ಓದ್ಲಿ."

ಅವನು ಹಾಳೆಯನ್ನು ಅಂಟಿಸಿಯೇ ಕೊಟ್ಟ. ಪರೀಕ್ಷೆ ಮುಗಿದ ಮೇಲೆ ಸಂಘಮಿತ್ರ ಚಿಂತಾಮಣಿಯ ಸೊಸೆಯಾದಳು. ಹೋಗಬೇಡ ಎಂದು ಅಂಬರೀಶ ಅವಳಿಗೆ ಹೇಳಲೇ ಇಲ್ಲ.