ಒಲೆ ಹಚ್ಚದ ಉಂಡಿ

"ಬಾಣಂತಿ ಉಂಡಿ ಬೇಕಾಗಿತ್ರಿ. ಒಂದ್ ಡಬ್ಬಿ."

ಆ ದನಿ ಕಿವಿಗೆ ಬಿದ್ದರೂ ಉಮಾಶ್ರೀ ತಲೆ ಎತ್ತಲಿಲ್ಲ. ಅವಳ ಕಣ್ಣು ಮೊದಲು ಹೋದದ್ದು ಅಂಗಡಿಯ ಕಟ್ಟೆಯ ಮೇಲಿಟ್ಟ ಸ್ಟೀಲಿನ ಡಬ್ಬಿಯ ಕಡೆಗೆ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ... ಅವಳದೇ ಹೆಸರು! ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಗಳಲ್ಲಿ ಅದೂ ಒಂದು.

ಆಮೇಲೆ ತಲೆ ಎತ್ತಿದಳು.

ಸಾಗರ. ಅವಳ ಗಂಡ. ಒಂದೂವರೆ ವರ್ಷದ ಮೇಲೆ ಕಣ್ಣೆದುರು ನಿಂತಿದ್ದ. ಮೈ ಇಳಿದಿತ್ತು. ಬೆರಳ ತುದಿಯ ವಾರ್ನಿಶಿನ ಕಲೆ ಮಾತ್ರ ಹಾಗೇ ಇತ್ತು. ರಾಮದುರ್ಗದಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ಕೆಲಸ ಅವನದು.

ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಕಣ್ಣು ತುಂಬಬೇಕಿತ್ತು. ಅದೂ ಇಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ... ಉಮಾಶ್ರೀಗೆ ಮೈ ಮನಸ್ಸೆಲ್ಲ ಹಾಗಾಗಿ ಬಹಳ ದಿನವಾಗಿತ್ತು.

"ಯಾರಿಗ್ರಿ?" ಎಂದಳು, ಗಿರಾಕಿಯನ್ನು ಕೇಳುವ ಹಾಗೆಯೇ.

ಅವನು ಡಬ್ಬಿಯನ್ನು ಅವಳ ಕಡೆ ಸರಿಸಿದ. "ಬಾಣಂತಿಗೆ."

ಓಹೋ... ಹಾಗಾದರೆ ಬೈಲಹೊಂಗಲದ ಸುದ್ದಿ ನಿಜ!

ಅತ್ತೆ ಬೈಲಹೊಂಗಲದಲ್ಲಿ ಹೆಣ್ಣು ನೋಡುತ್ತಿದ್ದಾರೆ ಎಂದು ಹೋದ ವರ್ಷ ಕಟಕೋಳದ ಬಸ್ಸಿನಲ್ಲಿ ಯಾರೋ ಹೇಳಿದ್ದರು. ಮದುವೆಯೂ ಆಯಿತು, ಹಡೆದದ್ದೂ ಆಯಿತು. ಈಗ ಹೊಸ ಬಾಣಂತಿಗೆ ಹಳೆಯ ಹೆಂಡತಿಯ ಡಬ್ಬಿಯಲ್ಲಿ ಉಂಡಿ!

'ಆಗಲಿ' ಎಂದುಕೊಂಡಳು. ಸಿಟ್ಟು ಕೂಡ ಬರಲಿಲ್ಲ.

ಯಾವ ಬಾಣಂತಿ ಎಂದು ಇನ್ನೊಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಗಂಡ ಹೆಂಡತಿ ಇದ್ದಾರಲ್ಲ, ಬಾಯಲ್ಲಿ ಉಂಡಿ ಇಟ್ಟುಕೊಂಡೇ ಹುಟ್ಟಿದವರು!

ಅಷ್ಟರಲ್ಲಿ ಒಳಗಿನಿಂದ ಅಂಗಡಿಯ ಒಡತಿ ಮಹಾನಂದಾ ಸೆರಗಿಗೆ ಕೈ ಒರೆಸುತ್ತ ಬಂದಳು. ಸವದತ್ತಿಯಲ್ಲಿ ಹಬ್ಬದ ಉಂಡಿ ಎಂದರೆ ಅವಳ ಮನೆಯದೇ. ಉಮಾಶ್ರೀ ತವರೂರು ಕಟಕೋಳದಿಂದ ದಿನಾ ಬಸ್ಸಿಗೆ ಬಂದು ಅಲ್ಲಿ ಉಂಡಿ ಕಟ್ಟತೊಡಗಿ ನಾಲ್ಕು ತಿಂಗಳು. ಮಾತು ಕಡಿಮೆ, ಕೆಲಸ ಚೊಕ್ಕ, ಒಂದೇ ಒಂದು ಉಂಡಿಯನ್ನೂ ಬಾಯಿಗೆ ಹಾಕಿದವಳಲ್ಲ. ಅವಳ ಬಗ್ಗೆ ಮಹಾನಂದಾಳಿಗೆ ಗೊತ್ತಿದ್ದದ್ದು ಇಷ್ಟೇ. ಗಂಡನ ಮುಖವನ್ನಂತೂ ಕಂಡಿರಲಿಲ್ಲ.

"ಇವತ್ತ ನಾಗಚೌತಿ ಅಲ್ಲೋ ತಮ್ಮಾ! ಹಾವಿಗೆ ಹಾಲೆರಿಯೋ ಎರಡ ದಿನಾ ನಾವು ಉಂಡಿ ಒಲಿ ಹಚ್ಚೂದಿಲ್ಲ. ಬಾಣಂತಿ ಉಂಡಿಗೆ ಹಾಕೂ ಗಿಡದ ಅಂಟು ಹುರಿಯೂದು ಹ್ಯಾಂಗ? ಪಂಚಮಿ ಮುಗಿಸ್ಕೊಂಡ ಬಾ."

"ಇವತ್ತ ಬೇಕಾಗಿತ್ತರೆವ್ವಾ... ಈಗ ಭಾಳ ತಡಾ ಆಗೈತಿ."

ಆ ದನಿಯಲ್ಲಿ ಏನಿತ್ತೋ, ಮಹಾನಂದಾ ಮೆತ್ತಗಾದಳು.

"ಒಲಿ ಹಚ್ಚದ ಉಂಡಿ ನಡಿತೈತೇನ? ಖರ್ಜೂರ, ಉತ್ತತ್ತಿ ಪುಡಿ, ಕೊಬ್ಬರಿ, ಬದಾಮಿ, ಗೋಡಂಬಿ, ಮನೂಕ ಎಲ್ಲಾ ಹಾಕೂದು. ಅಂಟೊಂದ ಇರೂದಿಲ್ಲ ನೋಡ."

"ನಡಿತೈತ್ರಿ."

"ಹಂಗಾರ ಕುಂತ ಖರ್ಜೂರದ ಬೀಜಾ ತೆಗಿ! ಹುಡುಗ್ಯಾರೆಲ್ಲ ಜೋಕಾಲಿಗೆ ಹೋಗ್ಯಾರ. ಚಾಕು ಮುಟ್ಟಬ್ಯಾಡ ಮತ್ತ, ಇವತ್ತ ಹೆಚ್ಚೂದೂ ಇಲ್ಲ. ಕೈಲೇ ಬಿಡಸು."

ಹೀಗೆ, ಒಂದು ಅಗಲ ತಟ್ಟೆಯಂಥ ಪರಾತದ ಆ ಕಡೆ ಗಂಡ, ಈ ಕಡೆ ಹೆಂಡತಿ ಕುಳಿತರು. ಅವನು ಬೀಜ ಬಿಡಿಸಿ ಹಾಕಿದ. ಅವಳು ಬದಾಮಿ, ಗೋಡಂಬಿ ಕುಟ್ಟಿದಳು. ಕೊಬ್ಬರಿ ನಿನ್ನೆಯೇ ತುರಿದದ್ದಿತ್ತು. ಎಲ್ಲವನ್ನೂ ಖರ್ಜೂರದ ಜೊತೆ ಸೇರಿಸಿ ನಾದತೊಡಗಿದಳು.

"ಛಲೋತ್ನ್ಯಾಗ ನಾದ ಉಮಾ," ಎಂದಳು ಮಹಾನಂದಾ, ಗೋಡೆಗೊರಗಿ ಒಣದ್ರಾಕ್ಷಿ ಮನೂಕದ ತೊಟ್ಟು ಕೀಳುತ್ತ. "ಒಲಿ ಇಲ್ಲದ ಉಂಡಿ ಕೈ ಬಿಸಿಗೇ ಕೂಡಬೇಕು."

ಉಮಾಶ್ರೀಯ ಕಣ್ಣು ಮತ್ತೆ ಡಬ್ಬಿಯ ಮೇಲೆ ಬಿತ್ತು.

ಇದೇ ಡಬ್ಬಿ! ಆಸ್ಪತ್ರೆಯಲ್ಲಿ... ಹೆಣ್ಣುಕೂಸು ಹುಟ್ಟಿತು. ಅಳಲೇ ಇಲ್ಲ.

ಮೂರನೆಯ ದಿನ ಅವಳು ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿ ಮಲಗಿದ್ದಳು. ಅತ್ತೆ ಮೊದಲೇ ಕಟ್ಟಿಟ್ಟಿದ್ದ ಅಂಟಿನುಂಡಿಯ ಡಬ್ಬಿ ಹಿಡಿದು ಸಾಗರ ಬಂದ. ಪಕ್ಕದ ಮಂಚದ ಬಾಣಂತಿಯ ಮುಂದೆ ಅಷ್ಟನ್ನೂ ಸುರಿದ. "ತಿನ್ನವ್ವಾ, ನಮಗ ಇನ್ನ ಬೇಕಾಗಿಲ್ಲ" ಎಂದು ಹೊರಗೆ ಹೋದ. ಉಮಾಶ್ರೀ ಮೆಲ್ಲಗೆ ಹೊರಳಿ ನೋಡಿದಳು. ಆ ಹೆಂಗಸು ಉಂಡಿ ಕಡಿದಾಗ ಹುರಿದ ಅಂಟು ಕರಕರ ಎಂದದ್ದು ಇವತ್ತಿಗೂ ಅವಳ ಕಿವಿಯಲ್ಲಿದೆ.

'ಕೂಸಿಲ್ಲ ಎಂದ ಮೇಲೆ ನಾನು ಬಾಣಂತಿಯೂ ಅಲ್ಲ...'

ಯಾರೂ ಅವಳಿಗೆ ಎಣ್ಣೆ ನೀರು ಹಾಕಲಿಲ್ಲ, ತಲೆಗೆ ಬಟ್ಟೆ ಕಟ್ಟಲಿಲ್ಲ. ಪಾಪ, ಎದೆಯ ಹಾಲಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಅದು ಬರುತ್ತಲೇ ಇತ್ತು. ಆಸ್ಪತ್ರೆಯಿಂದ ನೇರ ತವರಿಗೆ ಹೋದವಳು ಮತ್ತೆ ಗಂಡನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಅಲ್ಲೋ ತಮ್ಮಾ, ಹಡದು ಎಷ್ಟ ದಿನಾ ಆತು?" ಮಹಾನಂದಾ ಸುಮ್ಮನೆ ಕುಳಿತುಕೊಳ್ಳುವ ಜೀವವಲ್ಲ.

ಸಾಗರನ ಕೈ ನಿಂತಿತು.

"ಒಂದೂವರಿ ವರ್ಷ ಆತ್ರಿ."

"ಒಂದೂವರಿ ವರ್ಷದ ಬಾಣಂತಿನಾ!" ಮಹಾನಂದಾ ಹೊಟ್ಟೆ ಹಿಡಿದು ನಕ್ಕಳು. "ಎಂಥಾ ಹುಚ್ಚಪ್ಪ ಇದ್ದಿಯೋ! ಕೂಸು ಮನಿತುಂಬ ಓಡ್ಯಾಡತಿರಬೇಕಲ್ಲೋ ಈಗ!"

"ಕೂಸಿಲ್ರಿ... ಹುಟ್ಟೂಮುಂದನ ಹೋತು. ಆದ್ರ ಹಡದಾಕಿ ಇದ್ಲಲ್ರಿ. ಅಕಿಗೆ ಬಾಣಂತನಾ ಮಾಡಬೇಕಾಗಿತ್ತು. ಅದು ನನಗ ತಿಳೀಲಿಲ್ಲ."

ನಾದುತ್ತಿದ್ದ ಉಮಾಶ್ರೀಯ ಬೆರಳು ಅಲ್ಲೇ ನಿಂತವು.

ಮಹಾನಂದಾಳ ನಗು ಬಾಯಲ್ಲೇ ಉಳಿಯಿತು. ಡಬ್ಬಿಯ ಮುಚ್ಚಳ ನೋಡಿದಳು. ಹೆಸರು ಓದಿದಳು. ಇಬ್ಬರ ಮುಖ ನೋಡಿದಳು.

"ನಾ... ಹುತ್ತಕ್ಕ ಹಾಲ ಹಾಕಿ ಬರತೇನಿ," ಎಂದು ತಂಬಿಗೆ ಹಿಡಿದು ಎದ್ದೇ ಬಿಟ್ಟಳು. ಬೆಳಿಗ್ಗೆ ಒಮ್ಮೆ ಹಾಲೆರೆದು ಬಂದವಳೇ. ನಾಗಪ್ಪನಿಗೆ ಅವತ್ತು ಎರಡು ಸಲ ಹಾಲು!

ಇಬ್ಬರೇ ಉಳಿದರು.

"ಮತ್ತ... ಬೈಲಹೊಂಗಲದಾಕಿ?" ಉಮಾಶ್ರೀ ಪರಾತವನ್ನೇ ನೋಡುತ್ತ ಕೇಳಿದಳು.

"ಯಾವಾಕಿ?"

"ನಿಮ್ಮವ್ವ ನೋಡಿದ ಹುಡುಗಿ."

"ಅದು ನಮ್ಮ ಕಾಕಾನ ಮಗ ಬಾಳೇಶಗ ನೋಡಿದ್ದಲಾ! ಲಗ್ನಾನೂ ಆತು." ಸಾಗರ ಬೆಚ್ಚಿ ನೋಡಿದ. "ನನಗ ಅಂದ್ಕೊಂಡಿದ್ದೇನ ನೀ?"

ಅವಳು ಕೇಳಬೇಕಾದದ್ದು ಬೇರೆಯೇ ಇತ್ತು.

"ಅವತ್ತ ಆಸ್ಪತ್ರ್ಯಾಗ ಎಲ್ಲಾ ಉಂಡಿ ಬಾಜೂ ಮಂಚದಾಕಿಗೆ ಕೊಟ್ಟಬಿಟ್ರಿ..."

"ಎದ್ದ ಕೂಡಲೆ ನಿನ್ನ ಕಣ್ಣಿಗೆ ಬೀಳಬಾರದು ಅಂತ. ನೀ ಮಲಗಿದ್ದಿ ಅಂದ್ಕೊಂಡಿದ್ದೆ ಉಮಾ." ಅವನು ಕೈಯಲ್ಲಿದ್ದ ಖರ್ಜೂರ ಕೆಳಗಿಟ್ಟ. "ಹೋದ ವಾರ ಅಕಿ ಗಂಡನ ಜೋಡಿ ಮೋಟಾರ್ ರಿಪೇರಿಗೆ ಬಂದಿದ್ಲು. ತೊರಗಲ್ಲದಾಕಿ, ಬೀರವ್ವ ಅಂತ. 'ನಿನ್ನ ಹೇಣ್ತಿ ಮಲಗಿರಲಿಲ್ಲೋ ಯಣ್ಣಾ, ನಾ ತಿನ್ನೂತನಾ ನನ್ನ ಬಾಯಿ ನೋಡಾಕ ಹತ್ತಿದ್ಲು. ಆ ಉಂಡಿ ನನಗ ಇನ್ನೂ ಗಂಟಲದಾಗ ಐತಿ' ಅಂದ್ಲು."

ಉಮಾಶ್ರೀ ಪರಾತದಿಂದ ಕಣ್ಣೆತ್ತಿ ಅವನನ್ನು ನೋಡಿದಳು.

"ಕಟಕೋಳಕ್ಕ ಯಾಕ ಬರಲಿಲ್ಲ ನೀವು?"

"ಎರಡ ಸಲ ಬಂದಿದ್ದೆ. ನಿಮ್ಮಪ್ಪ ಬಾಗಲದಾಗ ನಿಂತು, 'ಅಕಿಗೆ ಯಾರ ಮಾರಿನೂ ನೋಡೂದು ಬ್ಯಾಡಂತ' ಅಂದ್ರು."

ಹೌದು, ಅವಳೇ ಹಾಗೆ ಅಂದಿದ್ದಳು. ಆ ಮಾತು ಕೇಳಿ ಗಂಡನೂ ಬಾಗಿಲಿಂದಲೇ ತಿರುಗಿ ಹೋಗುತ್ತಾನೆ ಎಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ಇವತ್ತರ ನೆಟ್ಟಗ ಹೇಳಬಾರದಾಗಿತ್ತ?"

"ನೀ ಇಲ್ಲಿ ಉಂಡಿ ಕಟ್ಟತಿ ಅಂತ ಗೊತ್ತಾತು, ತಪ್ಪಾತು ಅನ್ನಾಕ ಬಂದಿದ್ದೆ. ನಿನ್ನ ಮಾರಿ ನೋಡಿ ಬಾಯೇ ಬರಲಿಲ್ಲ. ಕೈಯಾಗಿನ ಡಬ್ಬಿ ಮುಂದ ಇಟ್ಟೆ. ಬಾಯಾಗ ಉಂಡಿ ಅಂತ ಬಂತು."

ಉಮಾಶ್ರೀ ಒಂದು ಹಿಡಿ ತೆಗೆದು ಉಂಡಿ ಕಟ್ಟಲು ನೋಡಿದಳು. ಕೂಡಲಿಲ್ಲ. ಇನ್ನೊಮ್ಮೆ ಒತ್ತಿದಳು. ಉದುರಿತು. ನಾಲ್ಕು ತಿಂಗಳಲ್ಲಿ ಸಾವಿರ ಉಂಡಿ ಕಟ್ಟಿದ ಕೈ! ಇವತ್ತು ತಣ್ಣಗಾಗಿತ್ತು.

"ತಾ ಇಲ್ಲೆ," ಎಂದು ಸಾಗರ ಆ ಪುಡಿಯನ್ನು ತನ್ನ ಅಂಗೈಗೆ ಸುರಿದುಕೊಂಡ. ಒತ್ತಿ ಹಿಡಿದು ಬಹಳ ಹೊತ್ತು ಹಾಗೇ ಕುಳಿತ. ಮೋಟಾರಿನ ಕೈಗೆ ಉಂಡಿಯ ಹದ ಏನು ಗೊತ್ತು? ಆದರೆ ಕೈ ಬಿಸಿ ಇತ್ತು. ಉಂಡಿ ಕೂಡಿತು. ದುಂಡಗೇನೂ ಆಗಲಿಲ್ಲ, ಒಂದು ಕಡೆ ಉಬ್ಬಿತ್ತು.

ಅದನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ಬಾಣಂತಿ ಅದಿ. ತಿನ್ನು."

ಅವಳು ಕಡಿದಳು. ಕರಕರ ಸಪ್ಪಳ ಬರಲಿಲ್ಲ. ಮೆತ್ತಗಿತ್ತು. ನಡುವೆ ಒಂದು ಬದಾಮಿ ಚೂರು ಹಲ್ಲಿಗೆ ಸಿಕ್ಕಿತು. ಸಿಹಿ... ಸಿಹಿ ಎಂಬುದು ನಾಲಿಗೆಗೆ ತಿಳಿದು ಎಷ್ಟು ಕಾಲವಾಗಿತ್ತು!

ಎದೆಯೊಳಗೆ ಎಲ್ಲೋ ಜೋಮು ಬಿಟ್ಟಿತು. ಜೋಮು ಬಿಡುವಾಗಲೇ ಅಲ್ಲವೇ ನೋವು? ಬಾಯಲ್ಲಿ ಉಂಡಿ ಇದ್ದ ಹಾಗೆಯೇ ಉಮಾಶ್ರೀ ಹೋ ಎಂದು ಅತ್ತಳು. ಆಸ್ಪತ್ರೆಯಲ್ಲಿ ಅಳದೇ ಉಳಿದ ಅಳುವೆಲ್ಲ ಬಂತು. ಅವನು ಸುಮ್ಮನಿರು ಎನ್ನಲಿಲ್ಲ. ಪರಾತ ಆಚೆ ಸರಿಸಿ ಹತ್ತಿರ ಬಂದು ಕುಳಿತ, ತಾನೂ ಅತ್ತ.

ಬಹಳ ಹೊತ್ತಿನ ಮೇಲೆ ಅವಳು ಅಂದಳು, "ಅಕಿಗೆ ನಾ ಒಂದು ಹೆಸರ ಇಟ್ಟಿದ್ದೆ."

"ಹೇಳಲೇ ಇಲ್ಲಲಾ?"

"ಯಾರೂ ಕೇಳಲಿಲ್ಲ."

"ನಾ ಕೇಳಾಕ ಹತ್ತೇನಿ. ಏನ ಹೆಸರು?"

ಒಂದೂವರೆ ವರ್ಷ ಯಾರ ಮುಂದೂ ಆಡದ ಹೆಸರು. ತುಟಿಗೆ ಬರಲು ಹೊತ್ತು ಹಿಡಿಯಿತು.

"ನೀಲಾ."

"ನೀಲಾ..." ಅವನು ಮೆಲ್ಲಗೆ ಅಂದ, ತೊಟ್ಟಿಲಲ್ಲಿ ಮಲಗಿದ ಕೂಸು ಎದ್ದೀತೆಂಬಂತೆ. ಆಮೇಲೆ ಮತ್ತೊಂದು ಹಿಡಿ ಅಂಗೈಗೆ ತೆಗೆದುಕೊಂಡ. "ಇನ್ನೊಂದ ತಿನ್ನು, ನೀಲಾನ ಅವ್ವಾ. ಬಾಣಂತಿಗೆ ಒಂದು ಸಾಲೂದಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವನ ಅಂಗೈಯ ಸೊಟ್ಟ ಉಂಡಿ ನೋಡಿ ಅಳುವಿನ ನಡುವೆಯೇ ಸಣ್ಣಗೆ ನಕ್ಕಳು.

"ಇದನ್ನರ ಸ್ವಲ್ಪ ದುಂಡಗ ಕಟ್ರಿ, ನೀಲಾನ ಅಪ್ಪಾ."