ನಿದ್ದೆಯ ದಿನಚರಿ

“ನಿದ್ದೆ ಮಾಡೋದನ್ನೂ ಕಂಪ್ಯೂಟರ್ ಹೇಳ್ಕೊಡಬೇಕೇನೇ ನಿನಗೆ?” ಸಿಗ್ನೆ ಕಾಫಿಯ ಬಟ್ಟಲು ಕೆಳಗಿಟ್ಟು ಸೊಸೆಯತ್ತ ನೋಡಿದರು. “ಆ ಒಂದು ರಾತ್ರಿ ಮಾತ್ರ ಯಾರೂ ಹೇಳ್ಕೊಡದೇನೇ ಚೆನ್ನಾಗಿ ಬಂದಿತ್ತಲ್ಲ!”

ಅನ್ನೆಲಿಯ ಕೈಯಲ್ಲಿದ್ದ ಬೆಣ್ಣೆಚಾಕು ಬ್ರೆಡ್ಡಿನ ಮೇಲೆಯೇ ನಿಂತುಬಿಟ್ಟಿತು. “ಅಮ್ಮಾ, ಸಾಕು ಮಾಡು...” ಎಂದ ಹಾಕನ್, ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ಎದ್ದು ಕೆಲಸಕ್ಕೆ ಹೊರಟ. ಎಂಬತ್ತಮೂರರ ಸಿಗ್ನೆಯೂ ಕೋಲೂರಿಕೊಂಡು, ಅಂಗಳದಾಚೆಯ ತಮ್ಮ ಪುಟ್ಟ ಮನೆಗೆ ನಡೆದರು.

ಹನ್ನೊಂದು ವರ್ಷ! ಆ ನವೆಂಬರಿನಲ್ಲಿ ಹಾಕನ್ ನಾರ್ವೆಯಲ್ಲಿ ಕೆಲಸಕ್ಕಿದ್ದ. ವೃದ್ಧಾಶ್ರಮದಲ್ಲಿ ಬೆನ್ನು ಬೆನ್ನಿಗೆ ಎರಡು ಪಾಳಿ ಮುಗಿಸಿ ಬಂದ ಅನ್ನೆಲಿ ಹಾಸಿಗೆಗೆ ಬಿದ್ದವಳು ಮೈಮರೆತು ಮಲಗಿದ್ದಳು. ಅವರ ಒಬ್ಬನೇ ಮಗ, ಹದಿನೇಳರ ಯೋಯೆಲ್, ಕೊನೆಯ ಬಸ್ಸು ತಪ್ಪಿ ಹಿಮದಲ್ಲಿ ನಡೆದು ಬರುತ್ತಿದ್ದಾಗ ಮರದ ದಿಮ್ಮಿಯ ಲಾರಿ... ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕುಳಿತಾಗ ಸಿಗ್ನೆ ಅಂದಿದ್ದರು: “ಫೋನ್ ಹೊಡ್ಕೋತಾ ಇತ್ತು. ಇವಳು ಮಲಗಿದ್ದಳು.” ಯಾರೂ ಏನೂ ಕೇಳಲಿಲ್ಲ. ದುಃಖದಲ್ಲಿರುವವರನ್ನು ಕೆದಕಬಾರದೆಂದು ಎಲ್ಲರೂ ಮೆಲ್ಲಗೆ ಬಟ್ಟಲು ಕೆಳಗಿಟ್ಟು ಎದ್ದು ಹೋದರು. ಅಂದಿನಿಂದ ಅನ್ನೆಲಿಗೆ ಕಣ್ಣು ಮುಚ್ಚಿದರೆ ನಡುಮನೆಯ ಫೋನಿನ ಸದ್ದು.

ಅಂಥ ಅತ್ತೆಯೇ ಪ್ರತಿವರ್ಷ ಚಳಿಗಾಲಕ್ಕೆ ಮುಂಚೆ, ಯಾರೂ ಕೇಳದಿದ್ದರೂ, ಮನೆಯವರ ಕೋಟುಗಳಿಗೆಲ್ಲ ವಾಹನದ ಬೆಳಕಿಗೆ ಹೊಳೆಯುವ ಪಟ್ಟಿ ಹೊಲಿದಿಡುತ್ತಿದ್ದರು. ಸೊಸೆಯ ಕೋಟಿಗೂ, ಅದೇ ಸಣ್ಣ ಸಣ್ಣ ಹೊಲಿಗೆಯಲ್ಲಿ. ಅದೇಕೆಂದು ಅನ್ನೆಲಿ ಎಂದೂ ಯೋಚಿಸಿರಲಿಲ್ಲ.

ಈ ಬೇಸಿಗೆಯ ಕೊನೆಗೆ ಅವಳು ಕಾರು ಓಡಿಸುತ್ತಲೇ ತೂಕಡಿಸಿ ಅದನ್ನು ಚರಂಡಿಗಿಳಿಸಿದಳು. ಗಾಯವಾಗಲಿಲ್ಲ, ಆದರೆ ಆರೋಗ್ಯ ಕೇಂದ್ರದ ವೈದ್ಯೆ ಸುಮ್ಮನೆ ಬಿಡಲಿಲ್ಲ. ಇಂಟರ್ನೆಟ್ಟಿನಲ್ಲೇ ಹತ್ತು ವಾರದ ಚಿಕಿತ್ಸೆಗೆ ಹೆಸರು ಬರೆಸಿದರು. ಹನ್ನೆರಡಕ್ಕೆ ಮುಂಚೆ ಹಾಸಿಗೆಗೆ ಹೋಗುವಂತಿಲ್ಲ, ಐದಕ್ಕೆ ಏಳಲೇಬೇಕು, ನಿದ್ದೆ ಹತ್ತದಿದ್ದರೆ ಎದ್ದು ಹೋಗಿ ಕುರ್ಚಿಯಲ್ಲಿ ಕೂರಬೇಕು. ಬೆಳಗಾದರೆ ನಿದ್ದೆಯ ದಿನಚರಿ ತುಂಬಬೇಕು. ಮುಖ ಕಾಣದ ಮಲಿನ್ ಎಂಬ ಚಿಕಿತ್ಸಕಿ ವಾರಕ್ಕೊಮ್ಮೆ ಪತ್ರ ಬರೆಯುತ್ತಿದ್ದಳು.

ಆರನೆಯ ವಾರದ ಹಾಳೆಯಲ್ಲಿ ಎರಡು ಖಾನೆ. ನಿಮ್ಮನ್ನು ಎಚ್ಚರವಾಗಿಡುವ ಯೋಚನೆ ಬರೆಯಿರಿ, ಅದು ನಿಜವೆನ್ನಲು ಏನು ಆಧಾರ, ಅಲ್ಲವೆನ್ನಲು ಏನು ಆಧಾರ? ಅನ್ನೆಲಿ ಬರೆದಳು: ನಾನು ಮಲಗಿದ್ದರಿಂದ ಮಗ ಸತ್ತ. ಆಧಾರ: ಫೋನು ಹೊಡೆದುಕೊಂಡಿತು, ನನಗೆ ಕೇಳಲಿಲ್ಲ. ಎರಡನೆಯ ಖಾನೆ ಖಾಲಿ.

ಅಂದು, ಸಿಗ್ನೆ ಹಾಗೆ ಚುಚ್ಚಿ ಹೋದ ಬೆಳಿಗ್ಗೆಯೇ, ಮಲಿನ್‌ಳ ಉತ್ತರ ಬಂದಿತ್ತು. “ಪ್ರಿಯ ಅನ್ನೆಲಿ, ಇದನ್ನು ಬರೆಯಲು ಎಷ್ಟು ಕಷ್ಟವಾಗಿರಬೇಕು! ಒಂದೇ ಪ್ರಶ್ನೆ. ನಿಮಗೆ ಕೇಳಿಸದ ಫೋನು ಹೊಡೆದುಕೊಂಡಿತು ಎಂದು ನಿಮಗೆ ಹೇಗೆ ಗೊತ್ತು?”

ಅನ್ನೆಲಿ ಓದಿದಳು. ಮತ್ತೆ ಓದಿದಳು.

ಹಾಳೆ ಹಿಡಿದು, ಕೋಟನ್ನೂ ಹಾಕಿಕೊಳ್ಳದೆ ಅಂಗಳ ದಾಟಿ ಓಡಿದಳು. “ಅತ್ತೆ! ಆವತ್ತು ಫೋನ್ ಹೊಡ್ಕೊಂಡಿದ್ದು ನಿಮಗೆ ಹೇಗೆ ಕೇಳಿಸ್ತು? ನೀವು ಈ ಮನೇಲಿದ್ರಿ. ಮಧ್ಯೆ ಇಷ್ಟು ದೊಡ್ಡ ಅಂಗಳ... ಹಿಮಕ್ಕೆ ಕಿಟಕಿ ಎಲ್ಲ ಮುಚ್ಚಿತ್ತು... ಹೇಗೆ ಕೇಳಿಸ್ತು, ಹೇಳಿ!”

ಸಿಗ್ನೆ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚಿ ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟರು.

“ಹೊಡ್ಕೊಂಡಿದ್ದು ನಿಮ್ಮನೇಲಲ್ಲ ಕಣೇ,” ಎಂದರು ಕೊನೆಗೆ. “ಇಲ್ಲಿ.”

“ಏನು?!”

“ನನಗೇ ಮಾಡಿದ್ದ. ‘ಅಜ್ಜಿ, ಬಸ್ ತಪ್ಪೋಯ್ತು, ಅಮ್ಮನ್ನ ಎಬ್ಬಿಸ್ತೀಯಾ’ ಅಂದ. ನಾನೇ... ನಾನೇ ಹೇಳಿದೆ, ‘ಬೇಡ ಮಗು, ಎರಡು ಪಾಳಿ ಮುಗಿಸಿ ಸತ್ತು ಸುಣ್ಣವಾಗಿ ಬಂದಿದಾಳೆ. ನಾಲ್ಕು ಕಿಲೋಮೀಟರ್ ತಾನೇ, ನಡ್ಕೊಂಡು ಬಾ’ ಅಂತ.”

“ಹನ್ನೊಂದು ವರ್ಷ! ನಿಮ್ಮ ತಪ್ಪನ್ನ ನನ್ನ ತಲೆ ಮೇಲೆ ಹೊರಿಸಿ... ದಿನಾ ನನ್ನೆದುರೇ ಕೂತು ಕಾಫಿ ಕುಡಿದ್ರಲ್ಲ ಅತ್ತೆ!”

“ಕುಡಿದೆ. ನಿನ್ನ ಬೈದಷ್ಟು ಹೊತ್ತು ಅವನ ದನಿ ಕೇಳಿಸ್ತಿರಲಿಲ್ಲ ನನಗೆ... ಅವನು ಏನಂದ ಗೊತ್ತಾ? ‘ಹೌದಲ್ಲ ಅಜ್ಜಿ... ಅಮ್ಮ ಮಲಗ್ಲಿ’ ಅಂದ. ಅಷ್ಟೇ. ಫೋನ್ ಇಟ್ಟ.”

ಅನ್ನೆಲಿ ಹೊರಟಳು. ಬಾಗಿಲ ಪಕ್ಕದ ಕುರ್ಚಿಯ ಮೇಲೆ ಅವಳ ಬೇರೊಂದು ಕೋಟು ಮಡಚಿಟ್ಟಿತ್ತು. ತೋಳಿನ ಪಟ್ಟಿಗೆ ಹೊಲಿಗೆ ಅರ್ಧ ಬಿದ್ದಿತ್ತು.

ಆಮೇಲೆ ಒಂಬತ್ತು ದಿನ ಅವಳು ಅಂಗಳ ದಾಟಲಿಲ್ಲ. ವಿಷಯ ತಿಳಿದ ಹಾಕನ್ ಕೊಟ್ಟಿಗೆಯ ಹಿಂದೆ ನಿಂತು ಅತ್ತ. ಅವನೇ ತಾಯಿಗೆ ಊಟ ಒಯ್ದು ಕೊಟ್ಟು, ಮಾತಿಲ್ಲದೆ ಮರಳುತ್ತಿದ್ದ. ಅನ್ನೆಲಿ ಎರಡನೆಯ ಖಾನೆಯಲ್ಲಿ ಎರಡೇ ಪದ ಬರೆದು ಮಲಿನ್‌ಗೆ ಕಳುಹಿಸಿದಳು: ಅಮ್ಮ ಮಲಗಲಿ.

ಹತ್ತನೆಯ ಬೆಳಿಗ್ಗೆ ದಿನಚರಿ ತೆರೆದವಳು ದಂಗಾದಳು. ಮಲಗಿದ್ದು ಹನ್ನೆರಡಕ್ಕೆ. ಎದ್ದದ್ದು ಐದಕ್ಕೆ. ನಡುವೆ ಎಷ್ಟು ಬಾರಿ ಎಚ್ಚರವಾಯಿತು? ಬೆರಳು ತಡೆಯಿತು... ಸೊನ್ನೆ!

ಕಿಟಕಿಯಾಚೆ, ಅಂಗಳದ ಆ ಬದಿಯಲ್ಲಿ, ಬೆಳಕು ಹರಿದಿದ್ದರೂ ಸಿಗ್ನೆಯ ದೀಪ ಉರಿಯುತ್ತಲೇ ಇತ್ತು. ಕುರ್ಚಿಯಲ್ಲಿ ಕುಳಿತ ಎಷ್ಟೋ ರಾತ್ರಿಗಳಲ್ಲಿ ಅನ್ನೆಲಿ ಆ ಬೆಳಕನ್ನು ನೋಡಿದ್ದಳು. ಮುದುಕಿ ಆರಿಸಲು ಮರೆತಿದ್ದಾಳೆ ಎಂದುಕೊಂಡಿದ್ದಳು.

ಅವಳು ದಿನಚರಿಯ ಖಾಲಿ ಹಾಳೆಯೊಂದನ್ನು ಮುದ್ರಿಸಿಕೊಂಡು ಅಂಗಳ ದಾಟಿದಳು. ಸಿಗ್ನೆ ನಿನ್ನೆಯ ಬಟ್ಟೆಯಲ್ಲೇ ಮೇಜಿನೆದುರು ಕುಳಿತಿದ್ದರು. ತಲೆ ಎತ್ತಲಿಲ್ಲ.

“ಕ್ಷಮಿಸೋಕೆ ನನ್ನಿಂದ ಇನ್ನೂ ಆಗ್ತಿಲ್ಲ ಅತ್ತೆ,” ಎಂದಳು ಅನ್ನೆಲಿ. ಹಾಳೆಯನ್ನು ಅವರ ಮುಂದಿಟ್ಟು, ಪಕ್ಕದಲ್ಲೊಂದು ಪೆನ್ಸಿಲಿಟ್ಟು, ದೀಪ ಆರಿಸಿದಳು. “ಎಷ್ಟು ಗಂಟೆಗೆ ಮಲಗಿದ್ರಿ, ಎಷ್ಟು ಸಲ ಎದ್ರಿ, ಎಲ್ಲಾ ಬರೀರಿ. ಸುಳ್ಳು ಬರೀಬೇಡಿ. ನಾಳೆ ಬೆಳಿಗ್ಗೆ ನಾನೇ ಬಂದು ನೋಡ್ತೀನಿ.”